ಕರೆಕ್ಟಾ, ಫಿಕ್ಸಾ, ಮಾಡಿಫೈಯಾ, ಅಮೆಂಡಾ? ‘ಸರಿ ಮಾಡು’ ಅನ್ನೋದಕ್ಕೆ ಇಂಗ್ಲಿಷಲ್ಲಿ ಯಾವ ಪದ ಹಾಕೋದು

ಮೇಲ್ ಬರೀತಾ ಕೂತಿರ್ತೀವಿ, ನಿನ್ನೆ ಕಳಿಸಿದ ರಿಪೋರ್ಟಲ್ಲಿ ಒಂದು ತಪ್ಪು ಸಿಕ್ಕಿದೆ, ಸರಿ ಮಾಡಿ ಮತ್ತೆ ಕಳಿಸ್ತಿದೀವಿ, ವಿಷಯ ಇಷ್ಟೇ. ಆದ್ರೆ ‘ಸರಿ ಮಾಡಿದೀನಿ’ ಅನ್ನೋ ಜಾಗಕ್ಕೆ ಬಂದ ತಕ್ಷಣ ಕೈ ನಿಂತುಬಿಡುತ್ತೆ. ಕರೆಕ್ಟೆಡ್ ಅನ್ನೋದಾ, ರೆಕ್ಟಿಫೈಡ್ ಅನ್ನೋದಾ, ಮಾಡಿಫೈಡಾ, ರಿವೈಸ್ಡಾ, ಅಮೆಂಡೆಡಾ? ವರ್ಡಲ್ಲಿ ಶಿಫ್ಟ್ ಜೊತೆ ಎಫ್ 7 ಒತ್ತಿದ್ರೆ ಥೆಸಾರಸ್ ತೆರ್ಕೊಳ್ಳುತ್ತೆ, ಅಲ್ಲಿ ಇವೆಲ್ಲ ಅಣ್ಣತಮ್ಮಂದಿರ ಥರ ಒಂದೇ ಸಾಲಲ್ಲಿ ನಿಂತಿರ್ತವೆ, ಯಾವನನ್ನ ಎಲ್ಲಿಗೆ ಕಳಿಸ್ಬೇಕು ಅಂತ ಮಾತ್ರ ಅದು ಹೇಳಲ್ಲ. ಅದರ ಕೆಲಸಾನೂ ಅದಲ್ಲ ಬಿಡಿ, 1852ರಲ್ಲಿ ರೋಜೆ ಅನ್ನೋ ಡಾಕ್ಟ್ರು ತಮ್ಮ ಥೆಸಾರಸ್ ಅಚ್ಚು ಹಾಕಿಸಿದಾಗ್ಲೇ ಅದು ಒಂದು ಐಡಿಯಾದ ಸುತ್ತ ಇರೋ ಪದಗಳನ್ನೆಲ್ಲ ಒಂದು ಕಡೆ ಗುಡ್ಡೆ ಹಾಕೋ ಪುಸ್ತಕವಾಗಿತ್ತು, ಆರಿಸ್ಕೊಳ್ಳೋದು ನಮ್ಮ ಪಾಡು.

ಆರಿಸೋದ್ರಲ್ಲಿ ಎಡವಿದ್ರೆ ಏನಾಗುತ್ತೆ ಅಂತ ನನಗೆ ಚೆನ್ನಾಗಿ ಗೊತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಕ್ಲೈಂಟ್ ಒಬ್ರಿಗೆ ಕಳಿಸಿದ್ದ ಟೇಬಲಲ್ಲಿ ಎರಡು ಅಂಕಿ ಅದಲು ಬದಲಾಗಿತ್ತು, ಸರಿ ಮಾಡಿ ‘ವಿ ಹ್ಯಾವ್ ಆಲ್ಟರ್ಡ್ ದ ಫಿಗರ್ಸ್’ ಅಂತ ಬರೆದು ಕಳಿಸ್ದೆ. ಚೇಂಜ್ಡ್ ಅಂದ್ರೆ ಸ್ಕೂಲ್ ಹುಡುಗನ ಇಂಗ್ಲಿಷ್ ಥರ ಕಾಣುತ್ತೆ, ಆಲ್ಟರ್ಡ್ ಅಂದ್ರೆ ಸ್ವಲ್ಪ ತೂಕ ಬರುತ್ತೆ ಅಂತ ನನ್ನ ಲೆಕ್ಕ. ಅರ್ಧ ಗಂಟೇಲಿ ಫೋನು. ಯಾರು ಆಲ್ಟರ್ ಮಾಡಿದ್ದು, ಯಾಕೆ ಮಾಡಿದ್ದು, ಒರಿಜಿನಲ್ ಅಂಕಿ ಎಲ್ಲಿ? ಅವರ ಕಿವಿಗೆ ಅದು ‘ಲೆಕ್ಕ ತಿರುಚಿದೀವಿ’ ಅಂತ ಕೇಳಿಸಿತ್ತು. ಕರೆಕ್ಟೆಡ್ ಅಂತ ಬರೆದಿದ್ರೆ ಒಂದು ಥ್ಯಾಂಕ್ಸಲ್ಲಿ ಮುಗೀತಿತ್ತು.

ಅವತ್ತು ಅರ್ಥ ಆಗಿದ್ದು ಏನಂದ್ರೆ, ಈ ಪದಗಳು ಕೆಲಸ ಏನಾಯ್ತು ಅಂತ ಮಾತ್ರ ಹೇಳಲ್ಲ, ಮೊದಲು ತಪ್ಪಿತ್ತೋ ಇಲ್ವೋ ಅನ್ನೋ ತೀರ್ಪನ್ನೂ ಸದ್ದಿಲ್ಲದೆ ಕೊಟ್ಟುಬಿಡ್ತವೆ. ನಮಗೆ ಇದು ಕಣ್ಣಿಗೆ ಬೀಳಲ್ಲ ಯಾಕಂದ್ರೆ ಕನ್ನಡದಲ್ಲಿ ‘ಸರಿ ಮಾಡು’ ಅನ್ನೋ ಒಂದೇ ಮಾತು ಎಲ್ಲದಕ್ಕೂ ನಡೆಯುತ್ತೆ. ಗಡಿಯಾರ ಸರಿ ಮಾಡು, ಉತ್ತರ ಸರಿ ಮಾಡು, ಕಾಲರ್ ಸರಿ ಮಾಡ್ಕೋ, ಹಾಸಿಗೆ ಸರಿ ಮಾಡು, ಅವರಿಬ್ರ ಜಗಳ ಸರಿ ಮಾಡು. ಇಂಗ್ಲಿಷಲ್ಲಿ ಗಡಿಯಾರಕ್ಕೆ ಫಿಕ್ಸ್ ಅಥವಾ ರಿಪೇರ್, ಉತ್ತರಕ್ಕೆ ಕರೆಕ್ಟ್, ಕಾಲರಿಗೆ ಅಡ್ಜಸ್ಟ್, ಹಾಸಿಗೆಗೆ ಮೇಕ್, ಜಗಳಕ್ಕೆ ಸೆಟ್ಲ್. ಐದು ಕೆಲಸ, ಬೇರೆ ಬೇರೆ ಪದ.

ಹಾಗಾಗಿ ಪದ ನೋಡೋಕೆ ಮುಂಚೆ ನಾಲ್ಕು ಪ್ರಶ್ನೆ ಕೇಳ್ಕೊಳ್ಳಿ. ಮೊದಲನೇದು, ತಪ್ಪಿತ್ತಾ? ಇದೇ ಮುಖ್ಯ, ಮಿಕ್ಕ ಮೂರು ಸೇರಿದ್ರೂ ಇದರ ಅರ್ಧ ತೂಕ ಇಲ್ಲ. ಎರಡನೇದು, ಸರಿ ಮಾಡ್ತಿರೋದು ಏನನ್ನ, ಮೆಷೀನಾ, ಬರಹಾನಾ, ಕಾನೂನಾ, ಮನುಷ್ಯನ್ನಾ? ಮೂರನೇದು, ಎಷ್ಟು ಬದಲಾಗಿದೆ, ಒಂದು ಸ್ಕ್ರೂ ತಿರುಗಿಸಿದ್ದಾ ಇಲ್ಲ ಪೂರ್ತಿ ಬಿಚ್ಚಿ ಕಟ್ಟಿದ್ದಾ? ನಾಲ್ಕನೇದು, ಯಾರಿಗೆ ಹೇಳ್ತಿದೀರಿ, ಫ್ರೆಂಡ್‌ಗೆ ಚಾಟಲ್ಲಾ, ಲಾಯರ್‌ಗೆ ಪತ್ರದಲ್ಲಾ?

ಈಗ ಮೊದಲ ಪ್ರಶ್ನೆಗೆ ‘ಹೌದು, ತಪ್ಪಿತ್ತು’ ಅನ್ನೋರ ಕಡೆ ಬರೋಣ.

ಕರೆಕ್ಟ್. ನೀವು ಒಂದೇ ಪದ ಕಲಿಯೋದಾದ್ರೆ ಇದನ್ನ ಕಲೀರಿ. ಲ್ಯಾಟಿನಲ್ಲಿ ಇದರ ಬೇರು ‘ನೇರ ಮಾಡು, ದಾರಿಗೆ ತರು’ ಅನ್ನೋ ಅರ್ಥದ್ದು. ಅಂದ್ರೆ ಒಂದು ಸರಿಯಾದ ಗೆರೆ ಮೊದಲೇ ಇದೆ, ಇದು ಅದರಿಂದ ಆಚೆ ಹೋಗಿತ್ತು, ವಾಪಸ್ ತಂದ್ವಿ. ಸ್ಪೆಲ್ಲಿಂಗ್, ಲೆಕ್ಕ, ಹೆಸರು, ತಾರೀಖು, ಉಚ್ಚಾರಣೆ, ಕನ್ನಡಕ ಹಾಕಿ ಸರಿ ಮಾಡೋ ದೃಷ್ಟಿ, ಎಲ್ಲದಕ್ಕೂ ನಡೆಯುತ್ತೆ. ತಪ್ಪನ್ನೂ ಕರೆಕ್ಟ್ ಮಾಡ್ಬಹುದು, ತಪ್ಪಿರೋ ಪೇಪರನ್ನೂ ಮಾಡ್ಬಹುದು, ತಪ್ಪು ಮಾತಾಡ್ತಿರೋ ಮನುಷ್ಯನನ್ನೂ ಮಾಡ್ಬಹುದು, ಈ ಮೂರೂ ಒಟ್ಟಿಗೆ ಮಾಡೋಕಾಗೋ ಪದ ಈ ಗುಂಪಲ್ಲಿ ಬೇರೆ ಸಿಗೋದು ಕಷ್ಟ. ತೊಂದ್ರೆ ಏನಂದ್ರೆ ಇದು ಒಪ್ಪಿಗೆ ಪತ್ರ ಇದ್ದ ಹಾಗೆ, ಕರೆಕ್ಟೆಡ್ ಅಂತ ಬರೆದ್ರೆ ಮೊದಲಿನದು ತಪ್ಪಾಗಿತ್ತು ಅಂತ ಸಹಿ ಹಾಕಿದ ಲೆಕ್ಕ. ಷೇರು ಮಾರ್ಕೆಟಲ್ಲಿ ಇದರ ಮಜಾ ನೋಡಿ, ಬೆಲೆಗಳು ಇತ್ತೀಚಿನ ಎತ್ತರದಿಂದ 10% ಅಥವಾ ಅದಕ್ಕಿಂತ ಜಾಸ್ತಿ ಬಿದ್ರೆ ಅದಕ್ಕೆ ‘ಕರೆಕ್ಷನ್’ ಅಂತಾರೆ, ಅಂದ್ರೆ ಮೊದಲಿದ್ದ ಬೆಲೆ ಅತಿಯಾಗಿತ್ತು, ಈಗ ಸರಿ ಹೋಯ್ತು ಅನ್ನೋ ಹಾಗೆ, ದುಡ್ಡು ಕಳ್ಕೊಂಡವನಿಗೆ ಇದು ಎಷ್ಟು ಸಮಾಧಾನವೋ ಗೊತ್ತಿಲ್ಲ.

ರೆಕ್ಟಿಫೈ ಕೂಡ ಅದೇ ಬೇರಿಂದ ಬಂದಿದ್ದು, ‘ನೇರ’ ಅನ್ನೋ ಪದಾನೇ ಒಳಗಿದೆ. ಎರಡೂ ದಿಕ್ಕಿಗೆ ಓಡಾಡೋ ಎಸಿ ಕರೆಂಟನ್ನ ಒಂದೇ ದಿಕ್ಕಿನ ಡಿಸಿ ಮಾಡೋ ಸಾಧನಕ್ಕೆ ರೆಕ್ಟಿಫೈಯರ್ ಅನ್ನೋದು ನೆನಪಿಟ್ಕೊಂಡ್ರೆ ಅರ್ಥ ಮರೆಯಲ್ಲ. ಇದು ತಪ್ಪು, ಲೋಪ, ಪರಿಸ್ಥಿತಿ ಇಂಥವಕ್ಕೆ ಮಾತ್ರ, ಮನುಷ್ಯರಿಗೆ ಅಲ್ಲ, ಯಾರಿಗೂ ‘ಪ್ಲೀಸ್ ರೆಕ್ಟಿಫೈ ಮಿ’ ಅನ್ನಬೇಡಿ. ದೂರು ಪತ್ರಕ್ಕೆ, ಆಡಿಟ್ ಉತ್ತರಕ್ಕೆ ಚೆನ್ನಾಗಿ ಹೊಂದುತ್ತೆ. ದಿನನಿತ್ಯದ ಮೇಲಲ್ಲಿ ಹಾಕಿದ್ರೆ ಮದುವೆ ಸೂಟ್ ಹಾಕ್ಕೊಂಡು ಹಾಲು ತರೋಕೆ ಹೋದ ಹಾಗಿರುತ್ತೆ. ನನ್ನ ಅಭಿಪ್ರಾಯದಲ್ಲಿ ನಾವು ಇದನ್ನ ಬೇಕಾದ್ದಕ್ಕಿಂತ ಹತ್ತು ಪಟ್ಟು ಬಳಸ್ತೀವಿ.

ಫಿಕ್ಸ್ ಅನ್ನೋದು ನಮಗೆ ಸ್ಪೆಷಲ್ ಕಾಟ ಕೊಡೋ ಪದ. ಮೂಲ ಅರ್ಥ ‘ಭದ್ರವಾಗಿ ಕೂರಿಸು, ಜಡಿ’ ಅಂತ. ಕನ್ನಡಕ್ಕೆ ಅದು ‘ನಿಶ್ಚಯ ಆಗು’ ಅನ್ನೋ ಅರ್ಥದಲ್ಲೇ ಬಂದು ಕೂತಿದೆ, ಡೇಟ್ ಫಿಕ್ಸ್ ಆಯ್ತು, ರೇಟ್ ಫಿಕ್ಸ್ ಆಯ್ತು ಅಂತೀವಿ. ಕೆಟ್ಟಿದ್ದನ್ನ ಸರಿ ಮಾಡೋ ಅರ್ಥ ಬೆಳೆದಿದ್ದು ಮುಖ್ಯವಾಗಿ ಅಮೆರಿಕದಲ್ಲಿ, ಈಗ ಎಲ್ಲ ಕಡೆ ನಡೆಯುತ್ತೆ. ನಲ್ಲಿ, ಬಗ್, ಪ್ರಾಬ್ಲಂ, ಲ್ಯಾಪ್‌ಟಾಪು, ಯಾವ್ದಕ್ಕಾದ್ರೂ ಸರಿ, ಮತ್ತೆ ಕೆಲಸ ಮಾಡೋ ಹಾಗಾಯ್ತು ಅನ್ನೋದಷ್ಟೇ ಇದಕ್ಕೆ ಮುಖ್ಯ, ಹೇಗೆ ಮಾಡಿದ್ರಿ ಅನ್ನೋದು ಬೇಕಿಲ್ಲ. ಸಾಫ್ಟ್‌ವೇರ್ ಕೆಲಸದಲ್ಲಂತೂ ಬಗ್‌ಗೆ ಇದೇ ಪದ, ‘ರಿಪೇರ್ಡ್ ದ ಬಗ್’ ಅಂತ ಯಾರೂ ಬರೆಯಲ್ಲ. ಎಚ್ಚರ ಬೇಕಾಗಿರೋದು ಅಂಕಿ, ಫಲಿತಾಂಶ, ಮ್ಯಾಚು, ಎಲೆಕ್ಷನ್ನು ಇವುಗಳ ಪಕ್ಕ, ಅಲ್ಲಿ ಫಿಕ್ಸ್ ಅಂದ್ರೆ ಒಳಗಿಂದೊಳಗೆ ಮೊದಲೇ ಗೊತ್ತು ಮಾಡಿಟ್ಟಿದ್ದು ಅಂತ. ಇನ್ನೊಂದು ತಮಾಷೆ, ನಾಯಿ ಬೆಕ್ಕಿನ ವಿಷಯದಲ್ಲಿ ಫಿಕ್ಸ್, ಆಲ್ಟರ್, ಡಾಕ್ಟರ್ ಈ ಮೂರು ಕ್ರಿಯಾಪದಕ್ಕೂ ಸಂತಾನಹರಣ ಚಿಕಿತ್ಸೆ ಮಾಡಿಸೋದು ಅಂತಾನೇ ಅರ್ಥ. ‘ಐ ಗಾಟ್ ಮೈ ಡಾಗ್ ಫಿಕ್ಸ್ಡ್’ ಅಂತ ಯಾರಾದ್ರೂ ಅಂದ್ರೆ ನಾಯಿಗೆ ಏನಾಗಿತ್ತು ಅಂತ ಕೇಳೋಕೆ ಹೋಗ್ಬೇಡಿ. ಡಾಕ್ಟರ್ಡ್ ಅನ್ನೋದನ್ನ ದಾಖಲೆಗೆ ಬಳಸಿದ್ರೆ ಇನ್ನೂ ಕೆಟ್ಟದ್ದು, ಮೋಸಕ್ಕೆ ತಿದ್ದಿದ್ದು ಅಂತ ನೇರ ಆರೋಪ.

ರಿಪೇರ್ ಬಗ್ಗೆ ಜಾಸ್ತಿ ಹೇಳೋದಿಲ್ಲ, ನಮ್ಮ ‘ರಿಪೇರಿ’ನೇ ಅದು. ಮುರಿದಿದ್ದು, ಹಾಳಾಗಿದ್ದು, ಕೈಗೆ ಸಿಗೋ ವಸ್ತು. ಕೈಗೆ ಸಿಗದಿದ್ರೂ ‘ಹಾನಿ’ ಅನ್ನಬಹುದಾದ್ದಕ್ಕೆ ನಡೆಯುತ್ತೆ, ಸಂಬಂಧ, ಹೆಸರು, ನಂಬಿಕೆ ಇಂಥವಕ್ಕೆ. ವ್ಯಾಕರಣದ ತಪ್ಪಿಗೆ ನಡೆಯಲ್ಲ. ಮೆಂಡ್ ಅದರ ಮನೆಮಟ್ಟದ ತಂಗಿ, ಹರಿದ ಬಟ್ಟೆ, ಮುರಿದ ಮೂಳೆ, ಒಡೆದ ಮನಸ್ಸು, ಸೂಜಿ ದಾರದ ತಾಳ್ಮೆ ಅದರಲ್ಲಿದೆ. ಅಮೆರಿಕದವರು ಬಹುತೇಕ ಬಟ್ಟೆಗೆ ಬಳಸ್ತಾರೆ, ಬ್ರಿಟಿಷರು ಸ್ವಲ್ಪ ಧಾರಾಳ.

ಈ ಮೆಂಡ್ ಹುಟ್ಟಿದ್ದು ಅಮೆಂಡ್‌ನ ತಲೆ ಕತ್ತರಿಸಿ ಅನ್ನೋದು ನನಗೆ ತುಂಬಾ ಇಷ್ಟದ ವಿಷಯ. ಒಂದೇ ಮನೆಯ ಮಕ್ಕಳು, ಒಬ್ಬಳು ಬಟ್ಟೆ ಹೊಲೀತಾಳೆ, ಇನ್ನೊಬ್ಬ ಪಾರ್ಲಿಮೆಂಟಲ್ಲಿ ಕೂತಿದಾನೆ. ಅಮೆಂಡ್ ಅಂದ್ರೆ ಇವತ್ತು ಮುಖ್ಯವಾಗಿ ಕಾನೂನು, ಒಪ್ಪಂದ, ನಿಯಮ, ನಿರ್ಣಯ ಇವನ್ನ ವಿಧಿಪೂರ್ವಕವಾಗಿ ಬದಲಾಯಿಸೋದು. ಲ್ಯಾಟಿನ್ ಬೇರಲ್ಲಿ ‘ದೋಷ ತೆಗೆ’ ಅಂತಿದೆ, ನಮ್ಮ ‘ತಿದ್ದುಪಡಿ’ಯಲ್ಲೂ ತಿದ್ದೋದು ಇದೆ, ಆದ್ರೆ ಬಳಕೆಯಲ್ಲಿ ದೋಷ ಇರಲೇಬೇಕು ಅಂತಿಲ್ಲ. ಭಾರತದ ಸಂವಿಧಾನದ 368ನೇ ವಿಧಿ ನೋಡಿ, ಸೇರಿಸೋದು, ಮಾರ್ಪಡಿಸೋದು, ರದ್ದು ಮಾಡೋದು ಈ ಮೂರೂ ಅಮೆಂಡ್ ಮಾಡೋ ದಾರಿಗಳೇ ಅಂತ ಅದರಲ್ಲೇ ಇದೆ. ಅಮೆರಿಕದಲ್ಲಿ 1919ರಲ್ಲಿ 18ನೇ ತಿದ್ದುಪಡಿ ಮದ್ಯ ನಿಷೇಧ ತಂತು, 1933ರಲ್ಲಿ 21ನೇ ತಿದ್ದುಪಡಿ ಆ 18ನೇದನ್ನ ರದ್ದು ಮಾಡ್ತು. ಗಮನಿಸಿ, 18ನ್ನ ಅಳಿಸಿ ಹಾಕಲಿಲ್ಲ, ಅದು ಇವತ್ತಿಗೂ ಸಂವಿಧಾನದ ಪ್ರತಿಯಲ್ಲಿ ಅಚ್ಚಾಗುತ್ತೆ, ಪಕ್ಕದಲ್ಲಿ ಇನ್ನೊಂದು ಸೇರಿಸಿ ಅದರ ಬಲ ತೆಗೆದ್ರು ಅಷ್ಟೇ. ಕಾನೂನಲ್ಲಿ ಅಮೆಂಡ್ ಅಂದ್ರೆ ದಾಖಲೆ ಅದೇ, ಅಧಿಕಾರ ಇರೋರು ಕ್ರಮ ಪ್ರಕಾರ ಬದಲಾಯಿಸಿದಾರೆ ಅಂತ. ಅದಕ್ಕೇ ನಿಮ್ಮ ರೆಸ್ಯೂಮೆಯನ್ನ ಅಮೆಂಡ್ ಮಾಡಿದೀನಿ ಅಂದ್ರೆ ಸ್ವಲ್ಪ ನಗು ಬರುತ್ತೆ, ಅಗ್ರಿಮೆಂಟಿಗಾದ್ರೆ ಅದೇ ಸರಿಯಾದ ಪದ. ಪ್ರೋಗ್ರಾಮರ್‌ಗಳಿಗೆ ಗಿಟ್‌ನ (ಕೋಡಲ್ಲಿ ಆದ ಬದಲಾವಣೆಗಳ ಲೆಕ್ಕ ಇಡೋ ಸಾಫ್ಟ್‌ವೇರು) ಅಮೆಂಡ್ ಗೊತ್ತಿರುತ್ತೆ, ಆದ್ರೆ ಅದು ಹಳೇ ಕಮಿಟ್, ಅಂದ್ರೆ ಹಿಂದೆ ದಾಖಲಿಸಿಟ್ಟ ಬದಲಾವಣೆಯ ಜಾಗದಲ್ಲಿ ಹೊಸದನ್ನೇ ಕೂರಿಸುತ್ತೆ, ಕಾನೂನಿನ ಅಮೆಂಡ್‌ಗೆ ಹೋಲಿಸಿದ್ರೆ ಹೆಚ್ಚುಕಮ್ಮಿ ಉಲ್ಟಾ. ‘ಮೇಕ್ ಅಮೆಂಡ್ಸ್’ ಬೇರೆ ವಿಷಯ, ಅದು ಮಾಡಿದ ತಪ್ಪಿಗೆ ಪರಿಹಾರವಾಗಿ ಏನಾದ್ರೂ ಮಾಡಿ ಋಣ ತೀರಿಸೋದು.

ಮೊದಲ ಅಕ್ಷರ ಎ ಬದಲು ಇ ಹಾಕಿದ್ರೆ ಬರೋ ಇಮೆಂಡ್ ಅನ್ನೋ ಪದಾನೂ ಇದೆ. ಅದು ಗ್ರಂಥ ಸಂಪಾದನೆ ಮಾಡೋ ವಿದ್ವಾಂಸರ ಸೊತ್ತು, ಹಳೇ ಹಸ್ತಪ್ರತಿ ನಕಲು ಮಾಡಿದವನು ಮಾಡಿರೋ ತಪ್ಪನ್ನ ಊಹಿಸಿ ಮೂಲ ಪಾಠ ತಿದ್ದೋದು. ನಿಮಗೆ ಆ ಕೆಲಸ ಇಲ್ಲ ಅಂದ್ರೆ ಈ ಪದ ಬೇಡ, ಬರೆದ್ರೆ ಸ್ಪೆಲ್ಲಿಂಗ್ ಮಿಸ್ಟೇಕ್ ಅಂದ್ಕೋತಾರೆ.

ಈಗ ನಡುವಿನ ಗುಂಪು, ತಪ್ಪಿತ್ತೋ ಇಲ್ವೋ ಹೇಳದೇ ಇರೋರು. ರಿವೈಸ್ ಅಂದ್ರೆ ಮತ್ತೆ ನೋಡಿ ಬದಲಾಯಿಸೋದು. ಇದು ನನ್ನ ಫೇವರಿಟ್ಟು, ಯಾಕಂದ್ರೆ ಮರ್ಯಾದೆ ಉಳಿಸುತ್ತೆ. ‘ರಿವೈಸ್ಡ್ ವರ್ಷನ್’ ಅಂದ್ರೆ ಹಳೇದರಲ್ಲಿ ತಪ್ಪಿತ್ತು ಅಂತಾನೂ ಅಲ್ಲ, ಸುಮ್ನೆ ಚಂದ ಮಾಡಿದ್ದು ಅಂತಾನೂ ಅಲ್ಲ, ಇನ್ನೊಂದು ಸಲ ಯೋಚಿಸಿದೀವಿ ಅಂತ. ಪ್ಲಾನು, ಎಸ್ಟಿಮೇಟು, ಡ್ರಾಫ್ಟು, ಅಭಿಪ್ರಾಯ ಇವಕ್ಕೆಲ್ಲ ಕಣ್ಣು ಮುಚ್ಕೊಂಡು ಹಾಕಿ. ಬ್ರಿಟಿಷ್ ಇಂಗ್ಲಿಷಲ್ಲಿ ಪರೀಕ್ಷೆಗೆ ಮತ್ತೊಮ್ಮೆ ಓದ್ಕೊಳ್ಳೋದೂ ರಿವೈಸೇ, ಅಮೆರಿಕದಲ್ಲಿ ಅದಕ್ಕೆ ರಿವ್ಯೂ ಅಂತಾರೆ, ಅಲ್ಲಿನವರ ಹತ್ರ ‘ಐ ಆಮ್ ರಿವೈಸಿಂಗ್ ಹಿಸ್ಟರಿ’ ಅಂದ್ರೆ ಇತಿಹಾಸ ತಿರುಗಿ ಬರೀತಿದೀರಾ ಅಂತ ನೋಡ್ತಾರೆ. ಎಡಿಟ್ ಇನ್ನೂ ಕಿರಿದು, ಬರಹ, ಆಡಿಯೋ, ವಿಡಿಯೋ, ಫೋಟೋ ಅಷ್ಟಕ್ಕೇ. ಒಂದು ಮಜಾ ಇದೆ, ಎಡಿಟ್‌ನಿಂದ ಎಡಿಟರ್ ಬಂದಿದ್ದಲ್ಲ, ಎಡಿಟರ್ ಅನ್ನೋ ಪದ ಮೊದಲಿತ್ತು, ಅದರ ಬಾಲ ಕತ್ತರಿಸಿ ಎಡಿಟ್ ಮಾಡ್ಕೊಂಡ್ರು.

ಮೊದಲ ಪ್ರಶ್ನೆಗೆ ‘ಇಲ್ಲ, ತಪ್ಪೇನಿರ್ಲಿಲ್ಲ, ಬೇರೆ ಥರ ಬೇಕಿತ್ತು’ ಅನ್ನೋರಿಗೆ ಚೇಂಜ್‌ನಿಂದ ಶುರು. ಇದು ಎಲ್ಲಿ ಬೇಕಾದ್ರೂ ಹೋಗುತ್ತೆ, ಅದೇ ಇದರ ದೋಷ, ಏನೂ ಹೇಳಲ್ಲ. ಎಷ್ಟು, ಯಾಕೆ, ಒಳ್ಳೇದಕ್ಕಾ ಕೆಟ್ಟದಕ್ಕಾ ಅನ್ನೋದು ಓದೋರು ಕೇಳಬೇಕಾಗುತ್ತೆ. ಆದ್ರೂ ಅನುಮಾನ ಇದ್ದಾಗ ಚೇಂಜ್ ಅನ್ನಿ, ಸ್ಕೂಲ್ ಹುಡುಗನ ಪದ ಅಂತ ನಾಚಿಕೆ ಬೇಡ, ಆ ನಾಚಿಕೆಗೆ ನಾನು ಕೊಟ್ಟ ಬೆಲೆ ಮೇಲೆ ಹೇಳಿದೀನಿ.

ಆಲ್ಟರ್‌ನ ಬೇರು ‘ಇನ್ನೊಂದು’ ಅನ್ನೋ ಅರ್ಥದ್ದು, ವಸ್ತು ಅದೇ ಇರುತ್ತೆ, ಒಂದು ಭಾಗ ಬೇರೆ ಆಗುತ್ತೆ. ಟೈಲರ್ ಮಾಡೋ ಆಲ್ಟರೇಷನ್ ಪಕ್ಕಾ ಉದಾಹರಣೆ, ಪ್ಯಾಂಟು ಪ್ಯಾಂಟಾಗೇ ಉಳೀತು, ಉದ್ದ ಕಮ್ಮಿಯಾಯ್ತು. ಬಟ್ಟೆ, ಕಟ್ಟಡ, ಪ್ರಯಾಣದ ಪ್ಲಾನು ಇವಕ್ಕೆ ಒಳ್ಳೆ ಪದ. ಚೆಕ್ಕು, ಮಾರ್ಕ್ಸ್ ಕಾರ್ಡು, ಲೆಕ್ಕಪತ್ರ ಅಂದ ತಕ್ಷಣ ಇದೇ ಪದ ಕಳ್ಳನ ಮುಖ ಹಾಕ್ಕೊಳ್ಳುತ್ತೆ. ಮಾಡಿಫೈ ಒಳಗೆ ‘ಅಳತೆ, ಮಿತಿ’ ಅನ್ನೋ ಬೇರಿದೆ, ಒಂದು ಉದ್ದೇಶಕ್ಕೆ ಬೇಕಾದಷ್ಟು ಬದಲಾಯಿಸೋದು, ಹಾಗಾಗಿ ಎಂಜಿನ್ನು, ಡಿಸೈನು, ಸಾಫ್ಟ್‌ವೇರು, ಬೆಳೆಯ ವಂಶವಾಹಿ, ಇಂಥ ಟೆಕ್ನಿಕಲ್ ಜಾಗದಲ್ಲಿ ಅದು ಮನೆಮಗ. ಆದ್ರೆ ತಪ್ಪು ಮುಚ್ಚಿಹಾಕೋಕೆ ಮಾಡಿಫೈಡ್ ಅಂತ ಬರೆಯೋ ಅಭ್ಯಾಸ ನಮ್ಮಲ್ಲಿ ತುಂಬಾ ಇದೆ, ಓದೋರು ದಡ್ಡರಲ್ಲ, ಮೊದಲಿನ ಅಂಕಿ ತಪ್ಪಿತ್ತು ಅಂತ ಅವರಿಗೂ ಕಾಣುತ್ತೆ, ಆಮೇಲೆ ನಿಮ್ಮ ಪದಾನೂ ಕಾಣುತ್ತೆ.

ಅಡ್ಜಸ್ಟ್‌ಗೆ ಒಂದು ಗುರುತು ಇಟ್ಕೊಳ್ಳಿ, ತಿರುಗಿಸೋಕೆ ಒಂದು ಗುಂಡಿ ಇದ್ಯಾ? ಸೀಟು, ಕನ್ನಡಿ, ವಾಲ್ಯೂಮು, ಬೆಲ್ಟು, ಡೋಸು, ಎಲ್ಲ ಸ್ವಲ್ಪ ಆ ಕಡೆ ಸ್ವಲ್ಪ ಈ ಕಡೆ, ಬೇಕಂದ್ರೆ ವಾಪಸ್ ತರಬಹುದು. ನಾವು ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಅಂತ ಅಂಗಲಾಚೋ ಅರ್ಥದಲ್ಲಿ ಹೊರಗಿನವರಿಗೆ ‘ಪ್ಲೀಸ್ ಅಡ್ಜಸ್ಟ್’ ಅಂದ್ರೆ ಏನನ್ನ ಅಂತ ಕೇಳ್ತಾರೆ. ಅದೇ ಕೆಲಸ ಇನ್ನೂ ಚಿಕ್ಕದಾಗಿ, ಸಲುಗೆಯಲ್ಲಿ ಹೇಳೋಕೆ ಟ್ವೀಕ್. ಅಡಾಪ್ಟ್ ಹೊಸ ಪರಿಸ್ಥಿತಿಗೆ ಹೊಂದಿಸೋದು, ಕಾದಂಬರಿಯನ್ನ ನಾಟಕಕ್ಕೆ ಅಳವಡಿಸಿದ ಹಾಗೆ, ಎರಡನೇ ಎ ಜಾಗಕ್ಕೆ ಓ ಬಂದ್ರೆ ಅಡಾಪ್ಟ್ ಹೋಗಿ ದತ್ತು ತಗೊಳ್ಳೋ ಪದ ಆಗುತ್ತೆ, ಕನ್ನಡ ಲಿಪಿಯಲ್ಲಿ ಎರಡೂ ಒಂದೇ ಥರ ಬರೆಯೋದ್ರಿಂದ ಇಲ್ಲಿ ಜಾರೋದು ಸುಲಭ. ಕನ್ವರ್ಟ್, ಒಂದು ರೂಪದಿಂದ ಇನ್ನೊಂದಕ್ಕೆ, ಮೈಲಿಯಿಂದ ಕಿಲೋಮೀಟರಿಗೆ. ಟ್ರಾನ್ಸ್‌ಫಾರ್ಮ್, ಗುರುತೇ ಸಿಗದಷ್ಟು ಬದಲಾದಾಗ. ಜಾಹೀರಾತಿನವರು ಎಲ್ಲದಕ್ಕೂ ಇದನ್ನೇ ಹಾಕಿ ಹಾಳು ಮಾಡಿದಾರೆ.

ಒಂದನ್ನ ತೆಗೆದು ಇನ್ನೊಂದು ಇಡೋ ಜೋಡಿ ಬಗ್ಗೆ ಸ್ವಲ್ಪ ನಿಲ್ಲಬೇಕು, ತುಂಬಾ ಜನ ಇಲ್ಲೇ ಎಡವೋದು. ‘ರಿಪ್ಲೇಸ್ ಎಕ್ಸ್ ವಿತ್ ವೈ’ ಅಂದ್ರೆ ಎಕ್ಸ್ ಹೋಗುತ್ತೆ, ವೈ ಬರುತ್ತೆ. ಅದನ್ನೇ ಸಬ್‌ಸ್ಟಿಟ್ಯೂಟಲ್ಲಿ ಹೇಳಬೇಕಂದ್ರೆ ‘ಸಬ್‌ಸ್ಟಿಟ್ಯೂಟ್ ವೈ ಫಾರ್ ಎಕ್ಸ್’, ಬರೋದು ಮೊದಲು, ಹೋಗೋದು ಆಮೇಲೆ. ಸಮೀಕರಣದಲ್ಲಿ ಎಕ್ಸ್ ಜಾಗಕ್ಕೆ 5 ಹಾಕೋದು ‘ಸಬ್‌ಸ್ಟಿಟ್ಯೂಟ್ 5 ಫಾರ್ ಎಕ್ಸ್’ ಅಂತ ಕಲಿತಿದ್ದು ನೆನಪಿಸ್ಕೊಳ್ಳಿ. ಇದು ಉಲ್ಟಾ ಆದ್ರೆ ಔಷಧಿ ಚೀಟಿಯಲ್ಲೋ ಸ್ಪೇರ್ ಪಾರ್ಟ್ ಆರ್ಡರಲ್ಲೋ ತಪ್ಪು ಸಾಮಾನು ಬಂದು ಕೂರುತ್ತೆ. ಅನುಮಾನ ಇದ್ರೆ ರಿಪ್ಲೇಸ್ ಮಾತ್ರ ಬಳಸಿ, ಸಬ್‌ಸ್ಟಿಟ್ಯೂಟನ್ನ ಫುಟ್‌ಬಾಲಿಗೆ ಬಿಡಿ.

ಇನ್ನು ದೊಡ್ಡ ಮಟ್ಟದ ಪದಗಳು ಎರಡು ಮಾತಲ್ಲಿ. ರಿಫಾರ್ಮ್ ವ್ಯವಸ್ಥೆಗೆ, ಕಾಯ್ದೆಗಳ ಗುಂಪಿಗೆ, ಕೆಟ್ಟ ದಾರಿ ಬಿಟ್ಟ ಮನುಷ್ಯನಿಗೆ. ನಡುವೆ ಅಡ್ಡಗೆರೆ ಹಾಕಿದ್ರೆ ಸುಧಾರಣೆ ಹೋಗಿ ಮತ್ತೆ ಕಟ್ಟೋದು ಅಂತ ಆಗುತ್ತೆ. ರೆಮಿಡಿ ತೊಂದ್ರೆಗೆ, ರಿಡ್ರೆಸ್ ಅನ್ಯಾಯಕ್ಕೆ. ‘ರಿಡ್ರೆಸಲ್’ ಅನ್ನೋದು ಹೆಚ್ಚಾಗಿ ಭಾರತದ ಇಂಗ್ಲಿಷಲ್ಲಿ ಬೆಳೆದ ರೂಪ, ಹೊರಗಿನವರಿಗೆ ಬರೆಯುವಾಗ ರಿಡ್ರೆಸ್ ಸಾಕು.

ಹಾಗಾದ್ರೆ ಯಾರು ಯಾವ್ದನ್ನ ಇಟ್ಕೊಳ್ಳೋದು? ಟೈಮೂ ಇಲ್ಲ, ತಲೇಲಿ ಜಾಗಾನೂ ಇಲ್ಲ ಅನ್ನೋರಿಗೆ ಐದೇ ಪದ, ಕರೆಕ್ಟ್, ಫಿಕ್ಸ್, ರಿವೈಸ್, ಚೇಂಜ್, ಅಡ್ಜಸ್ಟ್, ಇಷ್ಟರಲ್ಲಿ ಆಫೀಸ್ ಜೀವನ ಆರಾಮಾಗಿ ಕಳೀಬಹುದು. ಟೆಕ್ನಿಕಲ್ ಕೆಲಸದವರು ಮಾಡಿಫೈ, ರಿಪ್ಲೇಸ್ ಎರಡನ್ನ ಸೇರಿಸ್ಕೊಳ್ಳಿ. ಒಪ್ಪಂದ, ಬೈಲಾ ಇಂಥದ್ದನ್ನ ಮುಟ್ಟೋರಿಗೆ ಅಮೆಂಡ್ ಬೇಕೇ ಬೇಕು, ರೆಕ್ಟಿಫೈ ಇದ್ರೆ ಒಳ್ಳೇದು. ರಿಸರ್ಚ್ ಪೇಪರ್ ಬರೆಯೋರಿಗೆ ಇನ್ನೊಂದು ಜೋಡಿ ಎದುರಾಗುತ್ತೆ, ಎಷ್ಟೋ ಜರ್ನಲ್‌ಗಳಲ್ಲಿ ಪ್ರಕಾಶಕರ ಕಡೆಯಿಂದ ಆದ ತಪ್ಪಿನ ತಿದ್ದುಪಡಿಗೆ ಎರೇಟಂ, ಲೇಖಕರದೇ ತಪ್ಪಾದ್ರೆ ಕಾರಿಜೆಂಡಂ ಅಂತಾರೆ, ತಪ್ಪು ಯಾರದು ಅಂತ ತಲೆಬರಹದಲ್ಲೇ ಗೊತ್ತಾಗುತ್ತೆ. ಪರೀಕ್ಷೆಗೆ ಪ್ರಬಂಧ ಬರೆಯೋ ಹುಡುಗ್ರು ಒಂದೇ ಪದ ಮತ್ತೆ ಮತ್ತೆ ಬರಬಾರದು ಅಂತ ಚೇಂಜ್, ಆಲ್ಟರ್, ಮಾಡಿಫೈ, ಟ್ರಾನ್ಸ್‌ಫಾರ್ಮ್ ಸಾಲಾಗಿ ಜೋಡಿಸ್ತಾರೆ, ಅದಕ್ಕಿಂತ ಚೇಂಜ್ ಎರಡು ಸಲ ಬಂದ್ರೇ ವಾಸಿ.

ಗೊಂದಲ ಆದ್ರೆ ಒಂದು ಪರೀಕ್ಷೆ ಮಾಡಿ, ನಿಮ್ಮ ವಾಕ್ಯದ ಕೊನೇಲಿ ‘ಬಿಕಾಸ್ ಇಟ್ ವಾಸ್ ರಾಂಗ್’ ಅಂತ ಸೇರಿಸಿ ಓದಿ. ನಿಜವಾಗ್ಲೂ ಅದನ್ನ ಹೇಳೋಕೆ ತಯಾರಿದ್ರೆ ಕರೆಕ್ಟ್. ಅದು ಸುಳ್ಳಾಗುತ್ತೆ ಅಂದ್ರೆ ಚೇಂಜ್ ಅಥವಾ ರಿವೈಸ್. ನಿಜ ಆದ್ರೆ ಹೇಳೋಕೆ ಇಷ್ಟ ಇಲ್ಲ ಅಂದ್ರೂ ಕರೆಕ್ಟೇ ಹಾಕಿ, ನನ್ನ ಮಾತು ಕೇಳಿ.

ಆಮೇಲೆ ಈ ಪಟ್ಟಿಗೆ ಸೇರದಿದ್ರೂ ಪ್ರತಿ ಇಮೇಲ್‌ನ ಕೊನೇಲಿ ಬಂದು ಕೂರೋ ರಿವರ್ಟ್ ಬಗ್ಗೆ. ‘ಪ್ಲೀಸ್ ರಿವರ್ಟ್’ ಅಂತ ಉತ್ತರ ಕೇಳೋಕೆ ನಾವು ಬಳಸ್ತೀವಿ, ನಮ್ಮೊಳಗೆ ನಡೆಯುತ್ತೆ. ಆದ್ರೆ ಇಂಗ್ಲಿಷಿನ ಮಾಮೂಲಿ ಅರ್ಥದಲ್ಲಿ ಅದು ಹಿಂದಿನ ಸ್ಥಿತಿಗೆ ವಾಪಸ್ ಹೋಗೋದು, ಗಿಟ್‌ನಲ್ಲೂ ಮಾಡಿದ ಬದಲಾವಣೆಯನ್ನ ರದ್ದು ಮಾಡೋ ಕಮ್ಯಾಂಡು. ನೀವು ಕಷ್ಟಪಟ್ಟು ತಪ್ಪನ್ನೆಲ್ಲ ಕರೆಕ್ಟ್ ಮಾಡಿ, ಫೈಲ್ ಲಗತ್ತಿಸಿ, ಕೆಳಗೆ ‘ಕೈಂಡ್ಲಿ ರಿವರ್ಟ್’ ಅಂತ ಬರೆದ್ರೆ ಆ ಕಡೆ ಕೂತಿರೋ ಡೆವಲಪರ್ ಪಾಪ ಎಲ್ಲಾನೂ ಹಳೇದಕ್ಕೇ ತಿರುಗಿಸಿಟ್ರೂ ಇಟ್ಟಾನು. ರಿಪ್ಲೈ ಅನ್ನಿ.